ಬೇವಿನ ನೆಳ್ಳಾಗ ಮೆಂತ್ಯಾ ಪಲ್ಲೆ

ಹಿತ್ತಲದಾಗ ಬರೇ ನೆಳ್ಳ ಐತಿ, ಏನೂ ಬೆಳ್ಯಂಗಿಲ್ಲ ಅಂತ ಯಾರರ ಅಂದ್ರ ನನಗ ನಗಿ ಬರ್ತೈತಿ. ನಮ್ಮ ವಿಜಯಪುರದ ಬಿಸಲು ಮೇ ತಿಂಗಳದಾಗ 40 ಡಿಗ್ರಿ ದಾಟತೈತಿ. ಆವಾಗ ಬಯಲಾಗಿನ ಕೊತ್ತಂಬರಿ ಗೇಣುದ್ದ ಆಗೂದ್ರಾಗ ಹೂವಿಗೆ ಬಂದು ಕೆಟ್ಟುಹೋಗತೈತಿ. ನೆಳ್ಳಾಗಿಂದು ಇನ್ನೂ ನಾಕು ದಿನ ರೊಟ್ಟಿ ಜೋಡಿ ತಾಟಿಗೆ ಬರ್ತೈತಿ.

ಆದ್ರ ನಿಮ್ಮದು ಎಂಥಾ ನೆಳ್ಳು ಅನ್ನೂದು ಮೊದಲ ತಿಳ್ಕೊರಿ. ನಮ್ಮನಿ ದಕ್ಷಿಣಕ್ಕ ಬಾಜೂದವರದು ಇಪ್ಪತ್ತು ಅಡಿ ಗ್ವಾಡಿ ಐತಿ. ಡಿಸೆಂಬರ್‌ದಾಗ ನಡು ಮಧ್ಯಾಹ್ನಕ್ಕೂ ಅದರ ನೆಳ್ಳು ಸುಮಾರು 17 ಅಡಿ ಚಾಚತೈತಿ. ಅದ ಗ್ವಾಡಿದು ಮೇ ನಡುವ ಬುಡಕ್ಕ ಬಂದು ಕುಂಡ್ರತೈತಿ, ಸೂರ್ಯ ನೆತ್ತಿ ಮ್ಯಾಲಿರ್ತಾನ. ಅದಕ್ಕ ಮುಂಜಾನಿ ಎಂಟಕ್ಕ, ಹನ್ನೆರಡಕ್ಕ, ಸಂಜಿ ನಾಕಕ್ಕ ನೆಳ್ಳಿನ ಅಂಚಿಗೆ ಒಂದೊಂದು ಕಲ್ಲು ಇಟ್ಟು ನೋಡ್ರಿ. ಚಳಿಗಾಲಕ್ಕೊಮ್ಮೆ, ಬ್ಯಾಸಗಿಗೊಮ್ಮೆ. ಮೂರ್ನಾಕು ತಾಸು ಬಿಸಲು ಬಿದ್ರ ಮೆಂತ್ಯಾ, ಪಾಲಕ, ಕೊತ್ತಂಬರಿಗೆ ಸಾಕು. ಅದಕ್ಕೂ ಕಡಿಮಿ ಇದ್ರ ಪುದೀನಾ, ಕೆಸು ಹಚ್ರಿ. ಹಸಿಶುಂಠಿ, ಅರಿಷಿಣನೂ ಅರೆನೆಳ್ಳು ತಾಳತಾವ. ಕಾರ ಹುಣ್ಣಿಮಿ ಸುತ್ತ ಗಡ್ಡಿ ಊರಬೇಕು.

ಕಾಯಿಪಲ್ಲೆಕ್ಕ ಮಾತ್ರ ಆಸೆ ಪಡಬ್ಯಾಡ್ರಿ. ಬದನಿ, ಮೆಣಸಿನಕಾಯಿ, ಬೆಂಡಿಗೆ ಆರು ತಾಸಿನ ಬಿಸಲು ಬೇಕ ಬೇಕು. ಎಣ್ಣಿಗಾಯಿ ಆಸೆಗೆ ನಾನೂ ಒಮ್ಮೆ ಬೇವಿನ ಬುಡಕ್ಕ ಬದನಿ ಹಚ್ಚಿದ್ದೆ. ಗಿಡ ಸೊಂಟದ ತನಕಾ ಬೆಳೀತು, ಕೊಟ್ಟಿದ್ದು ಎರಡ ಕಾಯಿ. ಅವನ್ನ ಸುಟ್ಟು ಚಟ್ನಿ ಮಾಡಿ ಸಮಾಧಾನ ಆದೆ.

ನೆಳ್ಳಾಗ ಗಿಡ ಸಾಯೂದು ನೀರು ಕಡಿಮಿ ಆಗಿ ಅಲ್ಲ, ಹೆಚ್ಚಾಗಿ. ನಮ್ಮದು ಎರಿ ಮಣ್ಣು, ಒಮ್ಮೆ ನೀರು ಕುಡಿದ್ರ ಬಿಡೂದಿಲ್ಲ. ಬಿಸಲು ಬೀಳದ ಕಡೆ ಅಂತೂ ವಾರಗಟ್ಟಲೆ ಹಸಿ ಇರ್ತೈತಿ. ಬಟ್ಟು ಎರಡು ಗೆಣ್ಣು ಒಳಗ ಹಾಕಿ ನೋಡ್ರಿ, ತಂಪು ಹತ್ತಿದ್ರ ಅವತ್ತು ನೀರು ಬ್ಯಾಡ. ಹಾಕೂದಾದ್ರ ಮುಂಜಾನಿ ಹಾಕ್ರಿ. ಸಂಜಿಗೆ ಹಾಕಿದ್ರ ತಪ್ಪಲ ರಾತ್ರಿಪೂರ್ತಿ ತೊಯ್ದು ಬೂಸ್ಟು ಹಿಡೀತೈತಿ. ಮಡಿ ಒಂದು ಗೇಣು ಎತ್ತರ ಇರಲಿ. ಮಣ್ಣು ಸಡಲಾಗಲಿ ಅಂತ ಎರಡು ಬುಟ್ಟಿ ಉಸುಕು ಸುರವೂದು ಎಲ್ಲಾರೂ ಮಾಡೂ ತಪ್ಪು. ಅಷ್ಟ ಉಸುಕಿಗೆ ಎರಿ ಮಣ್ಣು ಇನ್ನಷ್ಟ ಬಿರಸಾಗತೈತಿ. ಚೆನ್ನಾಗಿ ಕಳಿತ ತಿಪ್ಪಿ ಗೊಬ್ಬರಾನ ಅದಕ್ಕ ಔಷಧ.

ಬೀಜ ದಟ್ಟ ಉಗ್ಗಬ್ಯಾಡ್ರಿ. ಗಾಳಿ ಆಡದಿದ್ರ ಮೆಂತ್ಯಾದ ಸಸಿ ಬುಡದಾಗ ಕೊಳತು ಮಲಗಿಬಿಡತಾವ. ಕೊತ್ತಂಬರಿ ಬೀಜ ಅಂಗೈಯಾಗ ಒತ್ತಿ ಎರಡು ಹೋಳು ಮಾಡಿ, ಒಂದು ರಾತ್ರಿ ನೆನಸಿ ಹಾಕ್ರಿ. ಹತ್ತು ದಿನ ಆದ್ರೂ ಮೊಳಕಿ ಕಾಣಲಿಲ್ಲಂತ ಕೆದರಬ್ಯಾಡ್ರಿ, ಅದು ತಡಾ ಮಾಡೂ ಜಾತಿ.

ಗ್ವಾಡಿಗೆ ಸುಣ್ಣಾ ಹೊಡಸ್ರಿ. ಬೆಳ್ಳಗಿದ್ರ ಬೆಳಕು ತಿರುಗಿ ಗಿಡದ ಮ್ಯಾಲೆ ಬೀಳತೈತಿ. ಬೇವಿನ ಬುಡದಾಗ ಬೇರು ಕಡದು ಮಡಿ ಮಾಡೂದಕ್ಕಿಂತ ತೂತು ಹಾಕಿದ ಹಳೆ ಬಕೀಟು, ಸಿಮೆಂಟ್ ಚೀಲ ಇಡೂದು ಚೊಲೊ. ಇಲ್ಲಂದ್ರ ನೀವು ಹಾಕಿದ ನೀರು, ಗೊಬ್ಬರ ಬೇವ ಕುಡೀತೈತಿ.

ಪುದೀನಾಕ್ಕಂತೂ ಬಕೀಟ ಬೇಕು. ನೆಲಕ್ಕ ಬಿಟ್ರ ಮೆಂತ್ಯಾದ ಮಡಿ ನುಂಗತೈತಿ. ನಮ್ಮನಿದು ಈಗ ಬಚ್ಚಲ ಬಾಗಲತನಕಾ ಬಂದೈತಿ, ಸೊಸಿ ದಿನಾ ಬೈತಾಳ.