ಮಳೆ ನೆಲದ ಗುಳಿ ಅಳೆದು ಆರಿಸಿದ ಗಾಲ್ಫ್ ಡ್ರೈವರ್

ಗಾಲ್ಫ್‌ನಲ್ಲಿ ದೂರದ ಮೊದಲ ಏಟಿಗೆ ಬಳಸುವ ಕ್ಲಬ್ ಡ್ರೈವರ್. ಅದನ್ನು ಬದಲಿಸುವುದಾದರೆ ಬೆಂಗಳೂರಿಗೆ ಹೋಗಿ ಲಾಂಚ್ ಮಾನಿಟರ್ (ಏಟಿನ ವೇಗ, ಸ್ಪಿನ್ ಅಳೆಯುವ ಮೆಷಿನ್) ಮುಂದೆ ನಿಲ್ಲಬೇಕು, ಇಲ್ಲದಿದ್ದರೆ ದುಡ್ಡು ಹೊಳೆಗೆ ಸುರಿದ ಹಾಗೆ ಅಂತ ಕೊಡಗಿನ ಬಿಟ್ಟಂಗಾಲದಲ್ಲಿ ಜೊತೆಗೆ ಆಡುವವರೆಲ್ಲ ಹೇಳಿದ್ದರು. ಮೆಷಿನ್ ಮುಟ್ಟದೆ, ನಮ್ಮ ನೆಂದ ಫೇರ್‌ವೇಯನ್ನೇ (ಆಟದ ಹುಲ್ಲುಪಟ್ಟಿ) ಅಳತೆಗೋಲು ಮಾಡಿಕೊಂಡು ಆರಿಸಿದ ಡ್ರೈವರ್‌ಗೆ ಈಗ ಎರಡನೇ ಸೀಸನ್. ಹಳೆಯದಕ್ಕಿಂತ ಸರಾಸರಿ ಕ್ಯಾರಿ (ಚೆಂಡು ನೆಲ ಮುಟ್ಟುವ ಮುಂಚೆ ಹಾರಿದ ದೂರ) ಸುಮಾರು 13 ಗಜ ಜಾಸ್ತಿ, ಎಡಬಲದ ಹರವು ಹತ್ತಿರಹತ್ತಿರ 20 ಗಜ ಕಡಿಮೆ. ಬೇಡ ಅಂದವರಲ್ಲಿ ಇಬ್ಬರು ಕಳೆದ ಸೆಪ್ಟೆಂಬರ್‌ನಲ್ಲಿ ನಾನು ದೂರ ಅಳೆಯಲು ನೆಡಿಸಿದ್ದ ಗೂಟಗಳನ್ನೇ ಕೇಳಿ ಒಯ್ದರು.

ಹಳೆಯದು 2009ರ ಮಾದರಿ: ಹೆಡ್ (ಕ್ಲಬ್‌ನ ತಲೆ) 460 ಸಿಸಿ, ಲಾಫ್ಟ್ (ಅದರ ಮುಖ ಹಿಂದಕ್ಕೆ ವಾಲಿದ ಕೋನ) 9.5 ಡಿಗ್ರಿ, ಉದ್ದ 45¾ ಇಂಚು, ಸ್ಟಿಫ್ ಶಾಫ್ಟ್ (ಗಡುಸು ಕೋಲು). ಅದರ ಫೇಸ್ (ಚೆಂಡಿಗೆ ತಗುಲುವ ಮುಖ) ಸತ್ತಿದೆ, ಹೊಸದು ತಂದರೆ ಚೆಂಡು ತಾನಾಗಿ ಹಾರುತ್ತದೆ ಎನ್ನುವ ಮಾತನ್ನು ನಂಬಬೇಡಿ. ಗಾಲ್ಫ್ ನಿಯಮದಲ್ಲಿ 460 ಸಿಸಿ ಮಿತಿ ಬಂದದ್ದು 2004ರಲ್ಲಿ, ಫೇಸ್ ಚಿಮ್ಮುವಿಕೆಗೆ 0.83 ಮಿತಿ ಅದಕ್ಕೂ ಹಿಂದಿನದು. ನಟ್ಟನಡುವೆ ಬಿದ್ದ ಏಟಿಗೆ ಹಳೆಯದೂ ಹೊಸದೂ ಎರಡು ಮೂರು ಗಜದ ಅಂತರದಲ್ಲೇ ಇರುತ್ತವೆ. ಹೊಸ ಹೆಡ್ ಗೆಲ್ಲುವುದು ತಪ್ಪಿದ ಏಟಿನಲ್ಲಿ. ಹಾಗಾಗಿ ಮೊದಲು ತಿಳಿಯಬೇಕಾದದ್ದು ಏಟು ಫೇಸಿನ ಯಾವ ಜಾಗದಲ್ಲಿ ಬೀಳುತ್ತಿದೆ ಎಂಬುದು.

ಅದಕ್ಕೆ ವೈಟ್‌ಬೋರ್ಡ್ ಮಾರ್ಕರ್ ಸಾಕು. ಚೆಂಡಿನ ಮೇಲೆ ದಪ್ಪ ಚುಕ್ಕೆ ಇಟ್ಟು, ಚುಕ್ಕೆ ಫೇಸ್ ಕಡೆಗೆ ಬರುವಂತೆ ಟೀ (ಚೆಂಡಿಡುವ ಸಣ್ಣ ಮೊಳೆ) ಮೇಲಿಟ್ಟು ಹೊಡೆದರೆ ಫೇಸಿನ ಮೇಲೆ ಗುರುತು ಬೀಳುತ್ತದೆ. ಚೆಂಡೂ ಫೇಸೂ ಎರಡೂ ಒಣಗಿರಬೇಕು. ಒಂದು ಹನಿ ನೀರಿದ್ದರೂ ಬಣ್ಣ ಕಲಸಿಹೋಗುತ್ತದೆ. ಅಂಟಿಸುವ ಇಂಪ್ಯಾಕ್ಟ್ ಸ್ಟಿಕರ್ ಬಳಸಬೇಡಿ, ಅದರ ದಪ್ಪಕ್ಕೆ ಸ್ಪಿನ್ನೇ ಬದಲಾಗುತ್ತದೆ. ನನ್ನ 30 ಏಟಿನಲ್ಲಿ 19ರಷ್ಟು ಹೀಲ್ (ಫೇಸಿನಲ್ಲಿ ಶಾಫ್ಟ್ ಸೇರುವ ಬದಿ) ಕಡೆ, ಅದೂ ನಡುವಿಗಿಂತ ಕೆಳಗೆ. ಬಲಗೈಯವರಿಗೆ ಹೀಲ್ ಏಟು ಚೆಂಡನ್ನು ಬಲಕ್ಕೆ ತಿರುಗಿಸುತ್ತದೆ, ಕೆಳಗಿನ ಏಟು ಸ್ಪಿನ್ ಏರಿಸಿ ಎತ್ತರ ಇಳಿಸುತ್ತದೆ. ಬಲಗಡೆ ಕಾಫಿ ತೋಟದೊಳಗೆ ಹೋದ ಚೆಂಡುಗಳ ಲೆಕ್ಕಕ್ಕೆ ಕಾರಣ ಅಲ್ಲೇ ಸಿಕ್ಕಿತು.

ಇಷ್ಟು ಗೊತ್ತಾಗುವ ಮುಂಚೆಯೇ ಕೈ ಸುಟ್ಟುಕೊಂಡಾಗಿತ್ತು. ಆನ್‌ಲೈನ್‌ನಲ್ಲಿ 11 ಸಾವಿರಕ್ಕೆ ಬಂದ ‘ಹೊಸ’ ಡ್ರೈವರ್ ನಕಲಿ. ಟೈಟಾನಿಯಂ ಫೇಸಿಗೆ ಮ್ಯಾಗ್ನೆಟ್ ಅಂಟಬಾರದು, ಇದಕ್ಕೆ ಗಟ್ಟಿಯಾಗಿ ಕಚ್ಚಿಕೊಂಡಿತು. ಮೂರನೇ ಸಲ ಲಾಫ್ಟ್ ತಿರುಗಿಸುವಾಗ ಸ್ಲೀವ್‌ನ (ಶಾಫ್ಟನ್ನು ಹೆಡ್‌ಗೆ ಕೂರಿಸುವ, ತಿರುಗಿಸಿ ಲಾಫ್ಟ್ ಬದಲಿಸುವ ಕೊಳವೆ) ಸ್ಕ್ರೂ ಥ್ರೆಡ್ ಹೋಯಿತು. ಆಮೇಲೆ ಸೆಕೆಂಡ್‌ಹ್ಯಾಂಡ್ ಶಾಫ್ಟ್ ಒಂದಕ್ಕೆ 8 ಸಾವಿರ ಚಿಲ್ಲರೆ. ಅದರ ತುದಿಗಿದ್ದ ಸ್ಲೀವ್ ಬೇರೆ ಕಂಪನಿಯದು. ಒಂದು ಕಂಪನಿಯ ಸ್ಲೀವ್ ಇನ್ನೊಂದರ ಹೆಡ್‌ಗೆ ಕೂರುವುದಿಲ್ಲ. ಹೀಟ್ ಗನ್ ಹಿಡಿದು ಬಿಚ್ಚಲು ಹೋದಾಗ ಶಾಖ ಜಾಸ್ತಿಯಾಗಿ ಗ್ರಾಫೈಟ್‌ನ ರಾಳ ಬೆಂದು ತುದಿ ನಾರುನಾರಾಯಿತು. ಸ್ವಲ್ಪ ಕಾಯಿಸಿ ಎಳೆದು ನೋಡಬೇಕು, ಬರದಿದ್ದರೆ ಮತ್ತೆ ಸ್ವಲ್ಪ. ಎಳೆಯುವಾಗ ಒಂದಿಷ್ಟೂ ತಿರುಚಬಾರದು.

ಈಗ ಅಳತೆಯ ವಿಷಯ. ಕೈಲ್ ಪೊಳ್ದ್ (ಸೆಪ್ಟೆಂಬರ್ ಮೊದಲಿಗೆ ಬರುವ ಕೊಡವರ ಆಯುಧ ಹಬ್ಬ) ಮುಗಿದ ಮೇಲಿನ ಎರಡು ಮೂರು ವಾರ ನಮ್ಮ ಕಡೆ ಇದಕ್ಕೆ ಹೇಳಿ ಮಾಡಿಸಿದ ಸಮಯ. ಮಳೆ ಬಿಡುವು ಕೊಡುತ್ತದೆ, ನೆಲ ಮಾತ್ರ ಇನ್ನೂ ಮೆತ್ತಗೆ. ಚೆಂಡು ಬಿದ್ದಲ್ಲೇ ಗುಳಿ ಮಾಡುತ್ತದೆ, ಉರುಳುವುದಿಲ್ಲ. ಆ ಗುಳಿಯೇ ಕ್ಯಾರಿ. ಬೇಸಿಗೆಯಲ್ಲಿ ಗಟ್ಟಿ ನೆಲದ ಮೇಲೆ 9.5 ಡಿಗ್ರಿಯ ತಗ್ಗು ಏಟು 25 ಗಜ ಓಡಿ ಒಳ್ಳೆಯದರಂತೆ ಕಾಣಿಸುತ್ತದೆ, ಜೂನ್ ಬಂದರೆ ಅದೇ ಏಟು ಸೊರಗುತ್ತದೆ. ಮೊದಲು ಲೇಸರ್ ರೇಂಜ್‌ಫೈಂಡರ್ ಹಿಡಿದು ನಿಂತಿದ್ದೆ. ಮಂಜು ಕವಿದಾಗ ಕಿರಣ ಮಂಜಿಗೇ ತಗುಲಿ ವಾಪಸ್ ಬಂದು ಬಾಯಿಗೆ ಬಂದ ಸಂಖ್ಯೆ ತೋರಿಸಿತು. ಆಮೇಲೆ ಟೇಪ್ ಎಳೆದು 150 ಗಜದಿಂದ 230ರವರೆಗೆ ಹತ್ತು ಗಜಕ್ಕೊಂದು ಬಿದಿರು ಗೂಟ ನೆಡಿಸಿದೆ, ತೋಟದಲ್ಲಿ ಗಿಡದ ಗುಂಡಿಗೆ ಗುರುತು ಹಾಕುವ ಹಾಗೆ. ಗುಳಿ ಎಲ್ಲಿದೆ ಎಂದು ಕ್ಯಾಡಿ (ಕ್ಲಬ್ ಹೊರುವ ಸಹಾಯಕ) ಗೂಟದ ಲೆಕ್ಕದಲ್ಲಿ ಕೂಗಿ ಹೇಳಿದರೆ ಆಯಿತು. ಅವರು ಪಕ್ಕದಲ್ಲಿ ಮರದ ಮರೆಯಲ್ಲಿ ನಿಲ್ಲಲಿ, ಎಣಿಸಿದ ಗುಳಿಯನ್ನು ಕೂಡಲೇ ಮುಚ್ಚಲಿ.

ಚೆಂಡು ಒಂದೇ ಮಾದರಿಯದು, ಹಳೆಯ ಕ್ಲಬ್‌ಗೆ ಕೆಂಪು ಚುಕ್ಕೆ, ಹೊಸದಕ್ಕೆ ನೀಲಿ. ಹತ್ತು ಹಳೆಯದರಲ್ಲಿ, ಹತ್ತು ಹೊಸದರಲ್ಲಿ ಅಂತ ಹೊಡೆಯಬೇಡಿ. ಮೊದಲ ಹತ್ತರಲ್ಲಿ ಮೈ ಬಿಸಿಯಾಗಿರುವುದಿಲ್ಲ, ಗೆಲುವು ಎರಡನೆಯದಕ್ಕೇ. ಒಂದು ಇದು, ಒಂದು ಅದು. ದಿನಕ್ಕೆ ಹತ್ತು ಜೋಡಿ, ಮೂರು ದಿನ. ಅತಿ ಉದ್ದದ ಏಟಿನ ಮೇಲೆ ಕಣ್ಣಿಡಬಾರದು. ಪ್ರತಿ ದಿನದ ಕೆಟ್ಟ ನಾಲ್ಕು ಏಟು ಎಲ್ಲಿ ಬಿದ್ದವು ಎಂಬುದೇ ತೀರ್ಪು.

ನೆನಪಿನಿಂದ ಹೇಳುವುದಾದರೆ ಹಳೆಯದರ ಸರಾಸರಿ 185 ಗಜದ ಆಸುಪಾಸು, ಹರವು 50. ಜನವರಿಯಲ್ಲಿ ಹೊಸ ಮಾದರಿ ಬಂದಾಗ ಬೆಲೆ ಇಳಿದಿದ್ದ ಹಿಂದಿನ ವರ್ಷದ 10.5 ಡಿಗ್ರಿ ಡ್ರೈವರ್, 38 ಸಾವಿರಕ್ಕೆ ತಂದದ್ದು, ಅಂಗಡಿಯಿಂದ ಬಂದ 45½ ಇಂಚಿನಲ್ಲಿ ಒಂದು ಏಟು 208 ಹೋಯಿತು, ಆದರೆ ಸರಾಸರಿ 188. ಮೂರು ಗಜಕ್ಕೆ ಅಷ್ಟು ದುಡ್ಡು! ಫೇಸಿನ ಗುರುತುಗಳು ಆಗಲೂ ಹೀಲ್ ಕಡೆಗೇ.

ಬದಲಾವಣೆ ಬಂದದ್ದು ಉದ್ದ ಇಳಿಸಿದ ಮೇಲೆ. ಮೊದಲು ಗ್ರಿಪ್‌ನಲ್ಲಿ ಒಂದು ಇಂಚು ಕೆಳಗೆ ಹಿಡಿದು, ಹೆಡ್‌ಗೆ ಸೀಸದ ಟೇಪ್ ಹಚ್ಚಿ ಎರಡು ದಿನ ಹೊಡೆದೆ. ಗುರುತುಗಳು ನಡುವಿಗೆ ಸರಿದವು. ಆಮೇಲೆಯೇ ಗರಗಸ ಕೈಗೆತ್ತಿಕೊಂಡದ್ದು. ಕತ್ತರಿಸುವುದು ಗ್ರಿಪ್ ತುದಿಯಲ್ಲಿ ಮಾತ್ರ; ಜಾಗಕ್ಕೆ ಮಾಸ್ಕಿಂಗ್ ಟೇಪ್ ಬಿಗಿಯಾಗಿ ಸುತ್ತಿ, ಸಣ್ಣ ಹಲ್ಲಿನ ಹ್ಯಾಕ್ಸಾ ಬ್ಲೇಡಿನಿಂದ, ಶಾಫ್ಟ್ ತಿರುಗಿಸುತ್ತ ಸುತ್ತಲೂ ಕೊಯ್ಯಬೇಕು. ಒಂದೇ ಕಡೆಯಿಂದ ಒತ್ತಿದರೆ ಕೊನೆಯ ನಾರು ಸಿಗಿದು ಸೀಳು ಕೆಳಗಿಳಿಯುತ್ತದೆ. ಮೂಗಿಗೆ ಮಾಸ್ಕ್ ಇರಲಿ. ಒಂದು ಇಂಚು ಹೋದರೆ ಸ್ವಿಂಗ್ ವೇಟ್ (ಬೀಸುವಾಗ ಹೆಡ್ ಎಷ್ಟು ಭಾರ ಅನಿಸುತ್ತದೆ ಎಂಬ ಅಳತೆ) ಸುಮಾರು ಆರು ಪಾಯಿಂಟ್ ಬೀಳುತ್ತದೆ: ಡಿ3 ಇದ್ದದ್ದು ಸಿ7 (ಈ ಅಳತೆಯಲ್ಲಿ ಸಿ9 ಆದ ಮೇಲೆ ಡಿ0). ಹೆಡ್‌ಗೆ ಎರಡು ಗ್ರಾಂ ಸೇರಿಸಿದರೆ ಒಂದು ಪಾಯಿಂಟ್ ವಾಪಸ್. ಪೂರ್ತಿ 12 ಗ್ರಾಂ ಹಾಕಿದಾಗ ಒಂಬತ್ತನೇ ಹೋಲ್ ಹೊತ್ತಿಗೆ ಹೆಡ್ ಹಿಂದೆ ಉಳಿಯತೊಡಗಿತು. 8 ಗ್ರಾಂಗೆ, ಅಂದರೆ ಡಿ1ಗೆ ನಿಲ್ಲಿಸಿದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಈ ತೂಕಕ್ಕೆ ಸಾಕು. ಟೇಪನ್ನು ಹೆಡ್‌ನ ಯಾವ ಮೂಲೆಗೆ, ಹೇಗೆ ಹಂಚಿ ಹಚ್ಚಿದೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಒಂದು ಮಳೆಗಾಲ ಪೂರ್ತಿ ಹಿಡಿದು ಕಂಡುಕೊಂಡದ್ದು ಅದು.

ಸ್ಲೀವ್ ತಿರುಗಿಸಿ ಲಾಫ್ಟ್ 12ರ ಹತ್ತಿರಕ್ಕೆ ತಂದೆ. ಲಾಫ್ಟ್ ಏರಿಸಿದಷ್ಟೂ ಫೇಸ್ ಎಡಕ್ಕೆ ಮುಚ್ಚಿಕೊಳ್ಳುತ್ತದೆ, ಬಲಕ್ಕೆ ಹೋಗುವ ಚೆಂಡಿಗೆ ಅದೇ ಮದ್ದು. ಎಡಕ್ಕೆ ಎಳೆಯುವವರು ಇದನ್ನು ನಕಲು ಮಾಡಬೇಡಿ, ಹೆಚ್ಚು ಲಾಫ್ಟ್‌ನ ಹೆಡ್ಡನ್ನೇ ಕೊಳ್ಳಿ. ಬೀಸುವ ಕ್ಲಬ್ ವೇಗ ಗಂಟೆಗೆ 88 ಮೈಲಿ ಇದ್ದವರು 9 ಡಿಗ್ರಿ ಹಿಡಿದು ಓಡಾಡುವುದು ಕೇವಲ ಹುರುಪು. 44½ ಇಂಚು, 12 ಡಿಗ್ರಿ: ಸರಾಸರಿ 198, ಹರವು 30ಕ್ಕೆ ಸ್ವಲ್ಪ ಮೇಲೆ. 43½ಕ್ಕೂ ಹಿಡಿದು ನೋಡಿದೆ. ನೇರ ಹೋಯಿತು, ಆದರೆ ಎಂಟು ಗಜ ಕಳೆದುಹೋಯಿತು.

ಇದೇ ಪರೀಕ್ಷೆಯನ್ನು ಮಡಿಕೇರಿಯ ಮರ್ಕೆರಾ ಡೌನ್ಸ್ ಗಾಲ್ಫ್ ಮೈದಾನದಲ್ಲೂ ಮಾಡಿದೆ. ಎತ್ತರದ ಜಾಗ, ಗಾಳಿ ತೆಳು, ಚೆಂಡು ಮುಂದೆ ಹೋಗಬೇಕು. ಬೆಳಿಗ್ಗೆ ಏಳಕ್ಕೆ ಐದು ಗಜ ಹಿಂದೆಯೇ ಬಿತ್ತು. ಮಂಜಿನ ಗಾಳಿ ಭಾರ ಅಂತ ಎಲ್ಲರೂ ಹೇಳುತ್ತಾರೆ. ತೇವ ಗಾಳಿಯನ್ನು ಭಾರ ಮಾಡುವುದಿಲ್ಲ, ಚಳಿ ಮಾಡುತ್ತದೆ, ಜೊತೆಗೆ ತಣ್ಣಗಾದ ಚೆಂಡು ಚಿಮ್ಮುವುದೂ ಕಡಿಮೆ. ಮಧ್ಯಾಹ್ನ ಹೊಡೆದಾಗ ಲೆಕ್ಕ ಸರಿಹೋಯಿತು. ಆದ್ದರಿಂದ ಹೋಲಿಸುವ ಮೂರೂ ದಿನ ಒಂದೇ ಹೊತ್ತಿಗೆ ಹೊಡೆಯಿರಿ.

ಸ್ಲೀವ್ ಸ್ಕ್ರೂಗೆ ಕಂಪನಿಯ ಟಾರ್ಕ್ ರೆಂಚೇ ಬೇಕು, ಕಟಕ್ ಅಂದ ಮೇಲೆ ಒಂದು ಎಳೆಯೂ ತಿರುಗಿಸಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಟ ಮುಗಿದೊಡನೆ ಹೆಡ್ ಬಿಚ್ಚಿ ಒರೆಸಿಡುತ್ತೇನೆ, ಸ್ಲೀವ್ ಸಂದಿನಲ್ಲಿ ನೀರು ನಿಲ್ಲುತ್ತದೆ. ಗ್ರಿಪ್ ಬೂಷ್ಟು ಹಿಡಿದು ಜಾರತೊಡಗಿದರೆ ಸೋಪು ನೀರಿನಲ್ಲಿ ಉಜ್ಜಿ ಒಲೆಯಿಂದ ದೂರ, ನೆರಳಲ್ಲಿ ಒಣಗಿಸಿ. ಹೊಸ ಗ್ರಿಪ್‌ಗೆ 900 ಕೊಟ್ಟಿದ್ದೆ. ಹಾಕುವಾಗ ಮಾತ್ರ ಹಳೆಯದರಷ್ಟೇ ತೂಕದ್ದು ನೋಡಿ: ಐದು ಗ್ರಾಂ ಭಾರವಾದರೂ ಒಂದು ಪಾಯಿಂಟ್ ಹೋಯಿತು.