ಹಳೆಯ ಹನ್ನೆರಡು ತಂತಿ ಗಿಟಾರ್: ದುಡ್ಡು ಕೊಡುವ ಮುಂಚೆ ನೆಕ್ ನೋಡಿ

1960ರ ದಶಕದ ಹನ್ನೆರಡು ತಂತಿಯ ಎಲೆಕ್ಟ್ರಿಕ್ ಗಿಟಾರ್ ದಾವಣಗೆರೆಯ ಅಂಗಡಿಯಲ್ಲಿ ಸಿಗುವ ಮಾಲಲ್ಲ. ಬೆಂಗಳೂರಿನಲ್ಲಿ ಯಾರೋ ಮಾರುತ್ತಿದ್ದಾರೆ ಎಂದು ಗೊತ್ತಾದರೆ ಫೋಟೊ ನೋಡಿ ಅಡ್ವಾನ್ಸ್ ಕಳಿಸಬೇಡಿ. ಜನಶತಾಬ್ದಿ ಹತ್ತಿ ಹೋಗಿ, ಕೈಯಲ್ಲಿ ಹಿಡಿದು ನೋಡಿ.

ಮೊದಲು ನೆಕ್, ಅಂದರೆ ಬೆರಳಿಂದ ತಂತಿ ಒತ್ತುವ ಉದ್ದನೆಯ ಕತ್ತು. ಹನ್ನೆರಡು ತಂತಿಯ ಎಳೆತ ಆರು ತಂತಿಗಿಂತ ಹೆಚ್ಚುಕಮ್ಮಿ ದುಪ್ಪಟ್ಟು. 60 ವರ್ಷದಲ್ಲಿ ಮರ ಬಾಗಿರಬಹುದು, ತಿರುಚಿಕೊಂಡಿರಬಹುದು. ಬಂದೂಕಿನಿಂದ ಗುರಿ ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿ. ಸ್ವಲ್ಪ ಬಾಗಿದ್ದರೆ ಒಳಗಿನ ಟ್ರಸ್ ರಾಡ್ ಎಂಬ ಲೋಹದ ಸರಳಿನಿಂದ ಸರಿಮಾಡಿಸಬಹುದು. ರಿಕನ್‌ಬ್ಯಾಕರ್ ಕಂಪನಿಯ ಗಿಟಾರ್‌ನಲ್ಲಿ ಅಂಥ ರಾಡ್ ಎರಡಿರುತ್ತವೆ, ನೀವೇ ತಿರುಗಿಸಲು ಹೋಗಬೇಡಿ. ನೆಕ್ ತಿರುಚಿದ್ದರೆ ಮಾತ್ರ ಸುಮ್ನೆ ವಾಪಸ್ ಬನ್ನಿ. ತಂತಿ ಸಡಿಲ ಮಾಡಿಟ್ಟಿದ್ದರೆ ಪೂರ್ತಿ ಶ್ರುತಿಗೆ ಏರಿಸಲು ಹೇಳಿ, ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ. ಸಡಿಲ ತಂತಿಯಲ್ಲಿ ಎಲ್ಲ ನೆಕ್ಕೂ ನೆಟ್ಟಗೇ ಕಾಣುತ್ತದೆ!

ಆಮೇಲೆ ಶ್ರುತಿ. ತಂತಿಗಳು ಆರು ಜೋಡಿ. ದಪ್ಪ ತಂತಿಯ ಕಡೆಯ ನಾಲ್ಕು ಜೋಡಿಯಲ್ಲಿ ಒಂದು ತಂತಿ ಮೇಲಿನ ಸ್ಥಾಯಿಯಲ್ಲಿ, ಉಳಿದೆರಡು ಜೋಡಿ ಒಂದೇ ಸ್ವರದಲ್ಲಿ. 12ನೇ ಫ್ರೆಟ್‌ನಲ್ಲಿ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ಒತ್ತಿ ನುಡಿಸಿದಾಗ ಖಾಲಿ ತಂತಿಯ ಸ್ವರವೇ ಮೇಲಿನ ಸ್ಥಾಯಿಯಲ್ಲಿ ಬರಬೇಕು. 1965ರಲ್ಲಿ ಬಂದ ಫೆಂಡರ್ ಕಂಪನಿಯ ಎಲೆಕ್ಟ್ರಿಕ್ ಟ್ವೆಲ್ವ್‌ನ ಬ್ರಿಡ್ಜ್‌ನಲ್ಲಿ (ತಂತಿಗಳು ಬುಡದಲ್ಲಿ ಕೂರುವ ಭಾಗ) ಒಂದೊಂದು ತಂತಿಗೂ ಬೇರೆ ಸ್ಯಾಡಲ್, ಅಂದರೆ ತಂತಿಯ ಉದ್ದ ಹೊಂದಿಸುವ ತುಂಡು. ಹಳೆಯ ರಿಕನ್‌ಬ್ಯಾಕರ್‌ನಲ್ಲಿ ಜೋಡಿಗೆ ಒಂದೇ, ಹಾಗಾಗಿ ಅಲ್ಲಿ ಚೂರು ವ್ಯತ್ಯಾಸ ಇದ್ದದ್ದೇ.

ಇನ್ನು ವಯಸ್ಸು. 1964ರಲ್ಲಿ ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ಕೈ ಸೇರಿದ ಮೇಲೆ ರಿಕನ್‌ಬ್ಯಾಕರ್ ಹನ್ನೆರಡು ತಂತಿಗೆ ಬೇಡಿಕೆ ಏರಿತು, ವರ್ಷ ಹೇಳಿ ಬೆಲೆ ಏರಿಸುವವರೂ ಇದ್ದಾರೆ. ನಾಬ್ ಕೆಳಗಿನ ಪಾಟ್ (ನಾಬ್ ತಿರುಗಿಸಿದಾಗ ಸದ್ದು ಹೆಚ್ಚುಕಮ್ಮಿ ಮಾಡುವ ಬಿಡಿಭಾಗ) ಮೇಲಿನ ಅಂಕಿ ಓದಿ. 1376612 ಎಂದಿದ್ದರೆ 137 ತಯಾರಕರ ಗುರುತು, 66 ಅಂದರೆ 1966, 12 ಅಂದರೆ ಆ ವರ್ಷದ 12ನೇ ವಾರ. ಗಿಟಾರ್ 1964ರದ್ದು ಅಂತ ಮಾರುವವರು ಹೇಳಿದರೆ ಒಂದೋ ಪಾಟ್ ಬದಲಾಗಿದೆ, ಇಲ್ಲವೇ ಮಾತು ಸುಳ್ಳು. ಪಾಟ್ ಬದಲಾಗಿದ್ದರೆ, ಬಣ್ಣ ಮತ್ತೆ ಹೊಡೆಸಿದ್ದರೆ ಬೆಲೆ ಇಳಿಸಿ ಕೇಳಿ. ನುಡಿಸಲು ಬೇಕಾದವರಿಗೆ ಇದು ಲಾಭವೇ, ಅಲ್ವಾ?

ಆಂಪ್‌ಗೆ (ಸದ್ದು ದೊಡ್ಡದು ಮಾಡುವ ಪೆಟ್ಟಿಗೆ) ಹಾಕಿ ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ) ಎಲ್ಲ ಕೇಳಿ. ನಾಬ್ ತಿರುಗಿಸಿದಾಗ ಬರುವ ಕರಕರ ಸದ್ದಿಗೆ ಹೆದರಬೇಡಿ, ಹೆಚ್ಚಿನ ಸಲ ಕ್ಲೀನರ್ ಹೊಡೆದರೆ ಹೋಗುತ್ತದೆ. ಜೊತೆಗೆ ಅಮೆರಿಕದ ಹಳೆಯ ಆಂಪ್ ಕೊಟ್ಟರೆ ಜೋಪಾನ. ಅದು ಸಾಮಾನ್ಯವಾಗಿ 110-120 ವೋಲ್ಟ್‌ನದು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ನಮ್ಮ 230ಕ್ಕೆ ಸಿಕ್ಕಿಸಿದರೆ ಸುಟ್ಟೇ ಹೋಗುತ್ತದೆ.

ತಂತಿ ಸೆಟ್ ಅಲ್ಲೇ ಎರಡು ಜಾಸ್ತಿ ತಂದುಬಿಡಿ.