ಎಂ1 ಮ್ಯಾಕ್‌ನಲ್ಲಿ ಆಡಿಯೋ ಇಂಟರ್‌ಫೇಸ್ ಕಾಣಿಸದಿದ್ದಾಗ: ನನ್ನ ಅನುಭವ

ಲಕ್ಷಣ: ರೆಕಾರ್ಡಿಂಗ್ ಸಾಫ್ಟ್‌ವೇರ್ ತೆರೆಯುತ್ತದೆ, ಇಂಟರ್‌ಫೇಸ್‌ನ (ಮೈಕ್, ವಾದ್ಯಗಳನ್ನು ಕಂಪ್ಯೂಟರ್‌ಗೆ ಜೋಡಿಸುವ ಪೆಟ್ಟಿಗೆ) ದೀಪವೂ ಉರಿಯುತ್ತದೆ. ಆದರೆ ಇನ್‌ಪುಟ್ ಪಟ್ಟಿಯಲ್ಲಿ ಅದರ ಹೆಸರಿಲ್ಲ. ಧ್ವನಿ ಸಾಧನಗಳನ್ನು ತೋರಿಸುವ ಮ್ಯಾಕ್‌ನ ಆಡಿಯೋ ಮಿಡಿ ಸೆಟಪ್‌ನಲ್ಲೂ ಇಲ್ಲ.

ಕೇಬಲ್ ಬದಲಿಸಿದ್ದು, ಸಾಫ್ಟ್‌ವೇರ್ ಮರುಸ್ಥಾಪಿಸಿದ್ದು, ಗೆಟ್ ಇನ್ಫೋದಲ್ಲಿ ‘ಓಪನ್ ಯೂಸಿಂಗ್ ರೊಸೆಟ್ಟಾ’ ಟಿಕ್ ಮಾಡಿದ್ದು, ಯಾವುದೂ ಕೆಲಸಕ್ಕೆ ಬರಲಿಲ್ಲ. ರೊಸೆಟ್ಟಾ ಎಂದರೆ ಇಂಟೆಲ್ ಚಿಪ್‌ಗೆ ಬರೆದದ್ದನ್ನು ಎಂ1ನಲ್ಲಿ ಓಡಿಸುವ ಮ್ಯಾಕ್‌ನ ಅನುವಾದಕ. ಅದು ಅನುವಾದಿಸುವುದು ಅಪ್ಲಿಕೇಶನ್‌ಗಳನ್ನು ಮಾತ್ರ, ಕರ್ನಲ್ ಎಕ್ಸ್‌ಟೆನ್ಶನ್ ರೂಪದ (ಸಿಸ್ಟಮ್‌ನ ತಿರುಳಿನೊಳಗೇ ಸೇರಿ ಓಡುವ) ಡ್ರೈವರ್‌ಗಳನ್ನಲ್ಲ. ಇಂಟೆಲ್‌ಗೆ ಮಾತ್ರ ಬರೆದ ಹಳೆಯ ಡ್ರೈವರ್ ಆಗಿದ್ದರೆ ಇಲ್ಲಿಗೇ ಕೈಬಿಡಿ.

ಆಪಲ್ ಸಿಲಿಕಾನ್‌ಗೆ (ಎಂ1ನಂಥ ಆಪಲ್‌ನದೇ ಚಿಪ್‌ಗಳಿಗೆ) ಬರೆದ ಈ ರೂಪದ ಡ್ರೈವರ್ ಇದ್ದರೂ ಮ್ಯಾಕ್‌ನ ಮೂಲ ಭದ್ರತಾ ಮಟ್ಟ ಅದನ್ನು ಒಳಗೆ ಬಿಡುವುದಿಲ್ಲ. ಕೊನೆಗೆ ಫಲಿಸಿದ ಕ್ರಮ ಇದು. ಮ್ಯಾಕ್ ಪೂರ್ತಿ ಶಟ್‌ಡೌನ್ ಮಾಡಿ. ‘ಲೋಡಿಂಗ್ ಸ್ಟಾರ್ಟಪ್ ಆಪ್ಶನ್ಸ್’ ಎಂದು ಬರುವ ತನಕ ಪವರ್ ಬಟನ್ ಒತ್ತಿ ಹಿಡಿಯಿರಿ. ಆಪಲ್ ಲೋಗೋ ಕಂಡ ಕೂಡಲೇ ಬೆರಳೆತ್ತಿದರೆ ಮಾಮೂಲಿ ಬೂಟ್ ಆಗಿಬಿಡುತ್ತದೆ. ಆಪ್ಶನ್ಸ್, ಕಂಟಿನ್ಯೂ, ನಂತರ ಯುಟಿಲಿಟೀಸ್ ಮೆನುವಿನಲ್ಲಿ ಸ್ಟಾರ್ಟಪ್ ಸೆಕ್ಯುರಿಟಿ ಯುಟಿಲಿಟಿ. ಡಿಸ್ಕ್ ಆರಿಸಿ, ‘ರೆಡ್ಯೂಸ್ಡ್ ಸೆಕ್ಯುರಿಟಿ’ಗೆ ಬದಲಿಸಿ, ಅದರ ಕೆಳಗೆ ಕರ್ನಲ್ ಎಕ್ಸ್‌ಟೆನ್ಶನ್‌ಗಳಿಗೆ ಅನುಮತಿ ಕೊಡುವ ಮೊದಲ ಟಿಕ್ ಹಾಕಿ. ರೀಸ್ಟಾರ್ಟ್ ಆದ ಮೇಲೆ ಡ್ರೈವರ್ ಸ್ಥಾಪಿಸಿ, ಪ್ರೈವಸಿ ಆ್ಯಂಡ್ ಸೆಕ್ಯುರಿಟಿಯಲ್ಲಿ ‘ಅಲೋ’ ಒತ್ತಿ, ಇನ್ನೊಮ್ಮೆ ರೀಸ್ಟಾರ್ಟ್. ಈ ಎರಡನೆಯದನ್ನು ಬಿಟ್ಟರೆ ಹೆಸರು ಬರುವುದಿಲ್ಲ.

ಹೆಸರು ಬಂದೂ ವೇವ್‌ಫಾರ್ಮ್ (ಧ್ವನಿಯ ಅಲೆಯ ಚಿತ್ರ) ಬರೀ ಅಡ್ಡಗೆರೆಯಾಗಿದ್ದರೆ ಮೈಕ್ರೋಫೋನ್ ಅನುಮತಿ ನೋಡಿ. ಟರ್ಮಿನಲ್‌ನಿಂದ ಸಾಫ್ಟ್‌ವೇರ್ ಚಾಲೂ ಮಾಡಿದ್ದರೆ ಅನುಮತಿ ಇರಬೇಕಾದ್ದು ಟರ್ಮಿನಲ್‌ಗೆ.